ಶಹಾಪುರದಲ್ಲಿ ಕೇಳಿದ ಹಾಡು

ಬೆಳಗಾವಿಯಿಂದ ಬಂದಿಳಿದು ಖಾನಾಪುರದ ಬಸ್ ನಿಲ್ದಾಣದೆದುರಿನ ಚಹಾದಂಗಡಿಯಲ್ಲಿ ಕೂತಾಗ, ಪಕ್ಕದ ಬೆಂಚಿನಲ್ಲಿದ್ದ ಹೆಂಗಸಿನ ಗುರುತು ಹತ್ತಿತು. ಆರ್ಕೆಸ್ಟ್ರಾದ ಹಾಡುಗಾರ್ತಿ. ಹಿಂದೊಮ್ಮೆ ಬೆಳಗಾವಿಯ ಶಹಾಪುರದ ಮದುವೆಯೊಂದರಲ್ಲಿ ಇವರು ಹಳೆಯ ಸಿನಿಮಾ ಹಾಡೊಂದರ ಮೊದಲ ಚರಣವನ್ನು ಕನ್ನಡದಲ್ಲಿ, ಎರಡನೆಯದನ್ನು ಮರಾಠಿಯಲ್ಲಿ ಹಾಡಿದ್ದರು. ಅಂದಿನಿಂದ ಮೂಲ ಹಾಡು ಸಪ್ಪೆಯೆನಿಸಿ, ಅದು ಬಂದರೆ ನಾನು ರೇಡಿಯೊ ಬಂದ್ ಮಾಡುತ್ತೇನೆ.

"ಈಗೂ ಅದನ್ನ ಹಾಡ್ತೀರೇನ್ರೀ?" ಎಂದು ಕೇಳಿದೆ.

"ಇಲ್ರೀ ಸರ. ಕನ್ನಡ ಎತ್ತಿದ್ರ ಒಂದ್ ಕಡೆಯವ್ರು ಜಗಳಕ್ಕ ಎದ್ದ ನಿಂದರ್ತಾರ, ಮರಾಠಿ ಎತ್ತಿದ್ರ ಇನ್ನೊಂದ್ ಕಡೆಯವ್ರು. ಒಂದ್ ಮದುವ್ಯಾಗ ಬಾಟಲಿ ಬಂತು." ಸೆರಗು ಸರಿಸಿ ಹುಬ್ಬಿನ ಮೇಲಿನ ಹೊಲಿಗೆಯ ಗುರುತು ತೋರಿಸಿದರು.

"ಯಾರು ಒಗೆದದ್ದು?"

"ಬಾಟಲಿ ಏನ್ ಮಾತಾಡ್ಕೋತ ಬರತೈತೇನ್ರೀ? ಈಗ ಆ ಹಾಡ ಕೇಳಿದ್ರ ಕೀಬೋರ್ಡಿನ್ಯಾಗ ಬರೇ ಟ್ಯೂನ್ ನುಡಸ್ತಾರ. ನಾ ಬಾಜೂಕ ಕುಂತಿರ್ತೀನಿ."

ನನಗಾಗಿ ಒಂದು ಸಾಲು ಹಾಡಿ ಎಂದು ಕೇಳಿಕೊಂಡೆ. ಅವರು ಅಂಗಡಿಯಲ್ಲಿದ್ದವರ ಮುಖಗಳನ್ನು ಒಂದೊಂದಾಗಿ ನೋಡಿದರು. ಚಹಾ ಸೋಸುತ್ತಿದ್ದವನನ್ನೂ ನೋಡಿದರು. ಆಮೇಲೆ ತುಟಿ ಬಿಚ್ಚದೆ, ಗಂಟಲೊಳಗೇ ಆ ಸಾಲನ್ನು ಗುನುಗಿದರು.