ಇಪ್ಪತ್ತೈದರ ಹಿಂದಿನ ಸೀಟು

ಹೆಂಡತಿ ಓಡಿಸುವ ಸ್ಕೂಟರಿನ ಹಿಂದೆ ಕೂರಲು ನನಗೆ ನಾಚಿಕೆಯಾಗುತ್ತಿತ್ತು. ಹೆಂಗಸು ಓಡಿಸುತ್ತಾಳೆ ಎಂಬುದಕ್ಕಲ್ಲ, ಅಷ್ಟು ಹಳೆಯ ಕಾಲದವನಲ್ಲ ನಾನು. ಆ ಸ್ಕೂಟರು ಗಂಟೆಗೆ ಇಪ್ಪತ್ತೈದು ಕಿಲೋಮೀಟರು ದಾಟುವುದೇ ಇಲ್ಲ ಎಂಬುದಕ್ಕೆ. ಲೈಸೆನ್ಸ್ ಬೇಡದ ಕರೆಂಟಿನ ಗಾಡಿ ಅದು. ಮಿತಿಯನ್ನು ಕಾರ್ಖಾನೆಯಲ್ಲೇ ಕಟ್ಟಿ ಕಳಿಸಿರುತ್ತಾರೆ.

ಜಯಮ್ಮ ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್. ಐವತ್ತೆರಡನೆಯ ವಯಸ್ಸಿನಲ್ಲಿ ಈ ಗಾಡಿ ಕೊಂಡು, ಮೈದಾನದಲ್ಲಿ ನಾಲ್ಕು ಭಾನುವಾರ ಸುತ್ತಿ, ದೀಪಾಂಜಲಿ ನಗರದ ನಮ್ಮ ಮನೆಯಿಂದ ಕೆಲಸಕ್ಕೆ ಓಡಾಡತೊಡಗಿದಳು. "ನಡ್ಕೊಂಡ್ ಹೋದ್ರೂ ಇದಕ್ಕಿಂತ ಮುಂಚೆ ಸೇರ್ತೀಯ ಕಣೇ" ಎಂದು ನಾನು ಅಣಕಿಸುತ್ತಿದ್ದೆ. ನನ್ನದು ಪೆಟ್ರೋಲ್ ಬೈಕು. ನಮ್ಮ ಭಾಷೆ ವೇಗದ ಪಕ್ಕದಲ್ಲೇ ಆವೇಗ, ಉದ್ವೇಗಗಳನ್ನೂ ಕೂರಿಸಿದೆ. ಆ ಮೂರನ್ನೂ ಒಟ್ಟಿಗೆ ಹತ್ತಿಸಿಕೊಂಡು ಓಡಿಸುವವನು ನಾನು.

ಕಳೆದ ವರ್ಷ ಕಣ್ಣಿನ ಪೊರೆ ತೆಗೆಸಿದೆ. ಒಂದು ತಿಂಗಳು ಬೈಕು ಮುಟ್ಟಬೇಡಿ ಎಂದರು ವೈದ್ಯರು. ಕೆಂಗೇರಿಯ ಆಸ್ಪತ್ರೆಗೆ ತೋರಿಸಿಕೊಂಡು ಬರಲು ಜಯಮ್ಮ ರಜೆ ಹಾಕಿ, ನನ್ನ ತಲೆಗೂ ಹೆಲ್ಮೆಟ್ ಸಿಕ್ಕಿಸಿ, ಹಿಂದೆ ಕೂರಿಸಿಕೊಂಡು ಹೊರಟಳು.

ಮೈಸೂರು ರಸ್ತೆಯಲ್ಲಿ ಎಡಕ್ಕೆ ಅಂಟಿಕೊಂಡು ಹೋಗುತ್ತಿದ್ದೆವು. ಲಾರಿ, ಬೈಕು, ಕೊನೆಗೆ ತೆಂಗಿನಕಾಯಿ ತುಂಬಿದ ಲಗೇಜ್ ಆಟೋ ಕೂಡ ನಮ್ಮನ್ನು ದಾಟಿಹೋಯಿತು. ಪರಿಚಯದವರು ಯಾರಾದರೂ ಕಂಡಾರೆಂದು ನಾನು ಕಪ್ಪು ಕನ್ನಡಕದೊಳಗೆ ಅಡಗಿದ್ದೆ. ನಾಯಂಡಹಳ್ಳಿ ಹತ್ತಿರ ಒಂದು ಬಸ್ಸು ನಿಂತಿತ್ತು. ಅದರ ಬಲಕ್ಕೆ ಬರುತ್ತಿದ್ದಂತೆ ಜಯಮ್ಮ ಆ ಇಪ್ಪತ್ತೈದನ್ನೂ ಇಳಿಸಿಬಿಟ್ಟಳು. ಹೆಚ್ಚುಕಡಿಮೆ ನಡಿಗೆಯ ವೇಗ.

ಹಿಂದಿನಿಂದ ಆಟೋದವನ ಹಾರ್ನ್. "ಆಂಟಿ, ಮುಂದಕ್ ಹೋಗಿ! ಮೆರವಣಿಗೆನಾ ಇದು?"

ನಾನೂ ಸೇರಿಕೊಂಡೆ. "ಹೋಗೇ, ಬಸ್ ನಿಂತಿದೆಯಲ್ಲ!"

"ನಿಂತಿದೆ, ಅದಕ್ಕೇ" ಎಂದಳು.

ಅಷ್ಟರಲ್ಲಿ ಬಸ್ಸಿನ ಮೂತಿಯ ಮುಂದಿನಿಂದ ಒಬ್ಬ ಮುದುಕಿ, ಕೈಯಲ್ಲಿ ಸೊಪ್ಪಿನ ಚೀಲ ಹಿಡಿದು, ನೇರ ನಮ್ಮ ಚಕ್ರದ ಮುಂದಕ್ಕೆ ನಡೆದು ಬಂದಳು. ಜಯಮ್ಮ ಬ್ರೇಕ್ ಒತ್ತಿದಳು. ಗಾಡಿ ನಿಂತಿತು. ಮುದುಕಿಯ ಸೀರೆಯ ನೆರಿಗೆಗೂ ನಮ್ಮ ಚಕ್ರಕ್ಕೂ ನಡುವೆ ಒಂದು ಮೊಳ ಜಾಗ ಉಳಿದಿತ್ತು. ಹಿಂದೆ ಆಟೋ ಕೂಡ ಕಿರ್ ಎಂದು ನಿಂತಿತು. ಅದರ ಹಾರ್ನ್ ಸತ್ತಿತ್ತು.

ಮುದುಕಿ ಬೆಚ್ಚಿ ತಿರುಗಿದಳು. "ಸದ್ದೇ ಇಲ್ವಲ್ಲವ್ವಾ ನಿನ್ ಗಾಡೀಗೆ! ಕಳ್ಳಬೆಕ್ಕು ಬಂದಂಗ್ ಬಂದ್ಯಲ್ಲ!"

"ತಪ್ಪಾಯ್ತಮ್ಮ, ನಿಧಾನ ದಾಟಿ" ಎಂದಳು ನನ್ನ ಹೆಂಡತಿ. ತಪ್ಪು ಅವಳದಲ್ಲ, ಆದರೂ ಹೇಳಿದಳು. ಮುದುಕಿ ಗೊಣಗುತ್ತಾ ಆಚೆ ಸೇರಿದಳು.

ನಾನಾಗಿದ್ದರೆ? ಆ ಲೆಕ್ಕ ಹಾಕಲು ಮನಸ್ಸು ಒಪ್ಪಲಿಲ್ಲ. ಬಸ್ಸಿನ ಪಕ್ಕದಲ್ಲಿ ನಾನು ಯಾವತ್ತೂ ನಲವತ್ತಕ್ಕೆ ಕಡಿಮೆ ಹೋದವನಲ್ಲ.

ಸ್ವಲ್ಪ ಮುಂದೆ ಒಂದು ಗೋದಾಮಿನ ನೆರಳಿನಲ್ಲಿ ಗಾಡಿ ನಿಲ್ಲಿಸಿದಳು. ಹೆಲ್ಮೆಟ್ ತೆಗೆದು ಸೆರಗಿನಿಂದ ಮುಖ ಒರೆಸಿಕೊಂಡಳು.

"ಅಲ್ಲಿ ಅವರು ಬರ್ತಾರೆ ಅಂತ ನಿಂಗ್ ಹೇಗ್ ಗೊತ್ತಾಯ್ತು?" ಎಂದೆ.

"ಗೊತ್ತಿರ್ಲಿಲ್ಲ ರೀ. ಬಸ್ಸಿಂದ ಇಳಿದೋರು ಎಲ್ಲಾದ್ರೂ ದಾಟ್ಲೇಬೇಕಲ್ಲ? ಬೇರೆ ಗಾಡಿ ಬರೋದು ಕಿವಿಗೆ ಗೊತ್ತಾಗತ್ತೆ. ನಮ್ದಕ್ಕೆ ಬಾಯಿಲ್ಲ. ನಾವೇ ನಿಧಾನ ಮಾಡ್ಬೇಕು."

ಎಷ್ಟೋ ವರ್ಷಗಳಿಂದ ಜೊತೆಗೆ ಉಂಡು ಮಲಗಿದ ಈ ಹೆಂಗಸನ್ನು ನಾನು ಗೋಪುರ ನೋಡುವಂತೆ ನೋಡಿದೆ. ಕಾಣದ ಯಾರೋ ಒಬ್ಬರಿಗಾಗಿ, ಇಡೀ ರಸ್ತೆಯ ಬೈಗುಳ ತಿನ್ನುತ್ತಾ, ಇವಳು ದಿನವೂ ಪ್ರತಿ ಬಸ್ಸಿನ ಪಕ್ಕದಲ್ಲಿ ಹೀಗೆ ನಿಧಾನಿಸುತ್ತಾಳೆ. ಇಷ್ಟು ದಿನ ಅಲ್ಲಿ ಯಾರೂ ಬಂದಿರಲಿಕ್ಕಿಲ್ಲ. ಆದರೂ ನಿಧಾನಿಸಿದ್ದಳು.

ತಿಂಗಳಾದ ಮೇಲೆ ವೈದ್ಯರು ಬೈಕಿಗೆ ಅಪ್ಪಣೆ ಕೊಟ್ಟರು. ನಾನೂ ಜಯಮ್ಮನಂತೆ ಹೋಗಬೇಕೆಂದು ಹೊರಟೆ. ಮೊದಲ ಬಸ್ಸಿನ ಪಕ್ಕದಲ್ಲಿ ಹಿಂದಿನವನು ಒಂದೇ ಒಂದು ಹಾರ್ನ್ ಹೊಡೆದ. ನನ್ನ ಕೈ ತಾನಾಗಿ ತಿರುಗಿ, ಗಾಡಿ ಹಾರಿತು. ವೇಗಕ್ಕೆ ಧೈರ್ಯ ಬೇಕೆಂದು ಯಾರು ಹೇಳಿದರೋ! ನಿಧಾನಕ್ಕೆ ಬೇಕಾದಷ್ಟು ಎದೆಗಾರಿಕೆ ನನಗೆ ಇನ್ನೂ ಬಂದಿಲ್ಲ. ನಿನ್ನೆ ಮಾತ್ರ ಮೂರು ಹಾರ್ನಿನವರೆಗೂ ತಡೆದುಕೊಂಡೆ.