ಮಂಗನಿಗೆ ಮೂರು ಪಂಕ್ತಿ

ಆಗೆಲ್ಲ ನಮ್ಮ ಗುಡ್ಡದಲ್ಲಿ ಹಸಿವಾದರೆ ಎಲ್ಲಿಗೆ ಹೋಗಬೇಕು ಎಂಬುದು ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಸಿದ್ದಾಪುರ ಪೇಟೆ ಮುಗಿದು ಏರು ಶುರುವಾಗುವಲ್ಲಿಂದ ಹಿಡಿದು ಮೇಲೆ ಕಾಡಿನ ಅಂಚಿನವರೆಗೆ ಹಬ್ಬಿದ ಬಡಾವಣೆ ನಮ್ಮದು. ಮಧ್ಯಾಹ್ನವಾದರೆ ಕುಕ್ಕರಿನ ಸೀಟಿ ಬಿಟ್ಟು ಬೇರೆ ಸದ್ದಿಲ್ಲ. ಆಯಿ ದೂರದ ಹಳ್ಳಿಯಲ್ಲಿ ಟೀಚರು, ಅಪ್ಪಯ್ಯ ಪೇಟೆಯಲ್ಲಿ ಮಿಕ್ಸರು, ಫ್ಯಾನು ರಿಪೇರಿ ಮಾಡುವವನು. ನನ್ನ ಶಾಲೆ ಗುಡ್ಡದ ಬುಡದಲ್ಲೇ ಇತ್ತು. ಆಯಿ ಬೆಳಿಗ್ಗೆಯೇ ಮಾಡಿಟ್ಟು ಹೋದ ಅನ್ನ ಮಧ್ಯಾಹ್ನದ ಹೊತ್ತಿಗೆ ತಣ್ಣಗಾಗಿ ಗಟ್ಟಿಯಾಗಿರುತ್ತಿತ್ತು. ಒಂಬತ್ತು ವರ್ಷದ ನನಗೆ ಅದನ್ನು ಕಂಡರೆ ಅಳು ಬರುತ್ತಿತ್ತು.

ಹಾಗಾಗಿ ನಾನು ಗುಡ್ಡ ಸುತ್ತುತ್ತಿದ್ದೆ. ಕೆಳಗಿನ ತಿರುವಿನಲ್ಲಿ ನಾಯ್ಕರ ಚಾದಂಗಡಿ. ಅಲ್ಲಿ ಬನ್ಸು ಚೆನ್ನಾಗಿರುತ್ತಿತ್ತು, ನಾಯ್ಕರ ಮುಖ ಮಾತ್ರ ಸದಾ ಹುಳಿ. ನಡುವೆ ದಾರಿಬದಿಯಲ್ಲಿ ಕೌಳಿಹಣ್ಣು, ಗೇರುಹಣ್ಣು. ಅದನ್ನು ತಿಂದು ಲಂಗದ ಮೇಲೆ ಕಲೆ ಮಾಡಿಕೊಂಡು ಬೈಸಿಕೊಳ್ಳುವುದು ಇದ್ದೇ ಇತ್ತು. ಎಲ್ಲಕ್ಕಿಂತ ಮೇಲೆ, ರಸ್ತೆ ಮುಗಿದು ಕಾಡು ಶುರುವಾಗುವಲ್ಲಿ, ಪಾರ್ವತಕ್ಕ ಮತ್ತು ಅವಳ ಗಂಡ ರಾಮಣ್ಣನ ಊಟದ ಮನೆ. ಬೋರ್ಡು ಇರಲಿಲ್ಲ. ಒಂದು ಉದ್ದ ಜಗುಲಿ, ಅದರ ಮೇಲೆ ಚಾಪೆ, ಬಾಳೆಲೆ. ಕಚೇರಿಯವರು, ಲೈನ್‌ಮನ್‌ಗಳು, ಹೊಸದಾಗಿ ಮನೆ ಕಟ್ಟುತ್ತಿದ್ದವರು ಎಲ್ಲ ಏದುಸಿರು ಬಿಡುತ್ತ ಅಲ್ಲಿಗೇ ಹತ್ತಿ ಬರುತ್ತಿದ್ದರು.

ಪಾರ್ವತಕ್ಕ ಒಳಗೆ ಅಡುಗೆ ಮಾಡುತ್ತಿದ್ದಳು, ರಾಮಣ್ಣ ಹೊರಗೆ ಬಡಿಸುತ್ತಿದ್ದ. ಅವನು ಸೌಟು ಹಿಡಿಯುತ್ತಿದ್ದುದು ಸಾರಿಗೆ, ಹುಳಿಗೆ ಮಾತ್ರ. ಅನ್ನವನ್ನು ಕೈಯಿಂದಲೇ ಬಡಿಸಬೇಕು, ಸೌಟಿನಲ್ಲಿ ಹಾಕಿದರೆ ಹೊಟ್ಟೆ ತುಂಬುವುದಿಲ್ಲ ಎಂದು ಅವನ ವಾದ. ಊಟಕ್ಕೆ ಮೊದಲು ಕೈಯನ್ನು ಸೀಗೆಪುಡಿಯಿಂದ ತಿಕ್ಕಿ ತೊಳೆದು, ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದ. ನಾನು ನಗುತ್ತಿದ್ದೆ. ಅಪ್ಪೆಮಿಡಿ ಮಾವಿನ ಕಾಲದ ಆ ಜಗುಲಿಯ ವಾಸನೆಯಂತೂ ಈಗಲೂ ಮೂಗಿನಲ್ಲಿದೆ. ನೀರಿನಷ್ಟು ತೆಳ್ಳಗಿನ ಅಪ್ಪೆಹುಳಿ, ಇಂಗಿನ ಒಗ್ಗರಣೆ, ಮಾವಿನಸೊನೆಯ ಘಮ. ಅದನ್ನು ನಾನು ಅಂಗೈಯಲ್ಲಿ ಹಾಕಿಸಿಕೊಂಡು ಸುರ್ರೆಂದು ಕುಡಿಯುತ್ತಿದ್ದೆ.

ಆ ವರ್ಷ ಅಪ್ಪೆಮಿಡಿ ಬಂತು, ಮಂಗಗಳು ಬರಲಿಲ್ಲ. ಪ್ರತಿವರ್ಷ ಅವುಗಳ ಕಾಟಕ್ಕೆ ಪಾರ್ವತಕ್ಕ ಹಪ್ಪಳ ಒಣಹಾಕಿದಲ್ಲಿ ನನ್ನನ್ನು ಕೋಲು ಕೊಟ್ಟು ಕೂರಿಸುತ್ತಿದ್ದಳು. ಆ ವರ್ಷ ಹಪ್ಪಳ ಹಾಗೇ ಒಣಗಿತು. ಒಳ್ಳೆಯದೇ ಆಯಿತು ಎಂದು ಎಲ್ಲರೂ ಅಂದುಕೊಂಡೆವು. ಮನೆಯ ಹಿಂದಿನ ಮರಗಳಲ್ಲಿ ಒಂದು ಟೊಂಗೆಯೂ ಅಲುಗುತ್ತಿರಲಿಲ್ಲ. ಅಷ್ಟು ಸದ್ದಿಲ್ಲದ ಕಾಡನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ನನಗೆ ಅದು ಹಿಡಿಸಲೂ ಇಲ್ಲ.

ಒಂದು ಶನಿವಾರ ಶಾಲೆ ಬಿಟ್ಟು ಹತ್ತಿ ಹೋದರೆ ಊಟದ ಮನೆಯ ಕಟ್ಟಿಗೆ ರಾಶಿಯ ಸುತ್ತ ಜನ. ರಾಶಿಯ ಮೇಲೆ ಒಂದು ಮಂಗ ಸತ್ತುಬಿದ್ದಿತ್ತು. ಮೈಮೇಲೆ ಗಾಯವಿರಲಿಲ್ಲ. ಮೂಗಿನ ಹತ್ತಿರ ಸ್ವಲ್ಪ ರಕ್ತ ಒಣಗಿತ್ತು, ಅಷ್ಟೇ. ಶನಿವಾರ ಬೇರೆ, ಹನುಮಂತನ ವಾರ. ಮನೆ ಬಾಗಿಲಿಗೆ ಬಂದು ಪ್ರಾಣ ಬಿಟ್ಟಿದೆ, ಸುಮ್ಮನೆ ಎಸೆಯುವುದು ಹೇಗೆ ಎಂದು ಹಿರಿಯರು ಮಾತಾಡಿಕೊಂಡರು. ರಾಮಣ್ಣ ಪಂಚೆ ಮೇಲೆ ಕಟ್ಟಿ, ಅದನ್ನು ಮಗುವನ್ನು ಎತ್ತುವಂತೆ ಎರಡೂ ಕೈಯಲ್ಲಿ ಎತ್ತಿಕೊಂಡ. ಬಾವಿಕಟ್ಟೆಯ ಹತ್ತಿರ ಮಲಗಿಸಿ ನೀರು ಹಾಕಿದ. ಅರಿಶಿನ ಕುಂಕುಮ ಹಚ್ಚಿದರು, ದಾಸವಾಳ ಏರಿಸಿದರು. ನಾವು ಮಕ್ಕಳು ಹತ್ತಿರ ಹೋಗಿ ಅದರ ಬೆರಳುಗಳನ್ನು ನೋಡಿದೆವು. ಉಗುರು ನಮ್ಮ ಉಗುರಿನ ಹಾಗೇ ಇತ್ತು. ಮೇಲೆ ಕಾಡಿನ ಅಂಚಿನಲ್ಲಿ ಗುಂಡಿ ತೋಡಿ, ಭಜನೆ ಹೇಳಿ, ಕೂರಿಸಿ ಮಣ್ಣು ಮಾಡಿದರು.

ಕೆಲವು ದಿನ ಬಿಟ್ಟು ಅದರ ಹೆಸರಿನಲ್ಲಿ ಊಟ ಇಟ್ಟರು. ಅಕ್ಕಿ ಒಬ್ಬರದು, ಬೆಲ್ಲ ಒಬ್ಬರದು, ಅಡುಗೆ ಪಾರ್ವತಕ್ಕನದು. ಇಡೀ ಗುಡ್ಡವೇ ಬಂದಿತ್ತು. ಸಿಡುಕು ಮುಖದ ನಾಯ್ಕರೂ ಅಂಗಡಿ ಮುಚ್ಚಿ ಬಂದು ಕೋಸಂಬರಿ ಬಡಿಸಿದರು. ಜಗುಲಿ ಸಾಲದೆ ಅಂಗಳದಲ್ಲೂ ಎಲೆ ಹಾಕಿ, ಮೂರು ಪಂಕ್ತಿ ಊಟವಾಯಿತು. ಕಡಲೆಬೇಳೆ ಪಾಯಸ, ಅಪ್ಪೆಹುಳಿ, ಹಲಸಿನ ಹಪ್ಪಳ. ಬಡಾವಣೆಯಲ್ಲಿ ಒಬ್ಬರ ಮುಖ ಒಬ್ಬರು ನೋಡದ ಮನೆಗಳವರೂ ಪಕ್ಕಪಕ್ಕ ಕೂತು ಉಂಡರು. ಬಾಲ್ಯದಲ್ಲಿ ಅಷ್ಟು ಖುಷಿಯ ಊಟ ನಾನು ಮತ್ತೆ ಮಾಡಿಲ್ಲ, ಅದನ್ನು ಹೇಳಲು ಈಗ ಹೆದರಿಕೆಯಾಗುತ್ತದೆ.

ಸುದ್ದಿ ಹೇಗೋ ಹೋಗಿ, ಊಟದ ಮಾರನೆಯ ದಿನವೇ ಆರೋಗ್ಯ ಇಲಾಖೆಯ ಸಿಸ್ಟರ್ ಒಬ್ಬರು ಹತ್ತಿ ಬಂದರು. ಮಂಗನ ಕಾಯಿಲೆಯ ವಿಷಯ ನಮ್ಮವರಿಗೆ ಗೊತ್ತಿರಲಿಲ್ಲ ಎಂದಲ್ಲ. ಅದು ಕಾಡೊಳಗಿನ ಹಳ್ಳಿಯವರಿಗೆ ಬರುವಂಥದ್ದು, ಟಾರು ರಸ್ತೆ, ನಲ್ಲಿ ನೀರು ಇರುವ ನಮಗಲ್ಲ ಎಂದು ನಂಬಿದ್ದರು. ಸಿಸ್ಟರ್ ಜಗುಲಿಯ ಮೇಲೆ ಕೂತು ತಲೆ ಚಚ್ಚಿಕೊಂಡರು.

"ಮಂಗ ಸತ್ತ ಮೇಲೆ ಅದ್ರ ಮೈಮೇಲಿನ ಉಣುಗು ಅಲ್ಲೇ ಕೂರೂದಿಲ್ಲ. ಬಿಸಿ ಇರೋ ಬೇರೆ ಮೈ ಹುಡುಕ್ತದೆ," ಎಂದರು. "ನೀವು ಎತ್ತಿ ಸ್ನಾನ ಬೇರೆ ಮಾಡ್ಸಿದ್ರಿ."

ರಾಮಣ್ಣ ತನ್ನ ಕೈ ನೋಡಿಕೊಂಡ. ಗುಂಡಿಯ ಸುತ್ತ, ಕಟ್ಟಿಗೆ ರಾಶಿಯ ಸುತ್ತ ಪುಡಿ ಹೊಡೆದು, ಮನೆಮನೆಗೂ ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳುವ ಎಣ್ಣೆಯ ಬಾಟಲಿ ಕೊಟ್ಟು ಅವರು ಹೋದರು. ಆವತ್ತಿನಿಂದ ದಿನಾ ಸಂಜೆ ಆಯಿ ನನ್ನನ್ನು ಬಲ್ಬಿನ ಕೆಳಗೆ ನಿಲ್ಲಿಸಿ ಕಂಕುಳು, ಕಿವಿಯ ಹಿಂದೆ, ಕೂದಲ ಬುಡ ಎಲ್ಲ ಹುಡುಕುತ್ತಿದ್ದಳು. ಉಣುಗು ಎಂದರೆ ಎಳ್ಳಿಗಿಂತ ಸಣ್ಣ, ರಕ್ತ ಹೀರುವ ಹುಳ. ಆಯಿಯ ಬೆರಳು ಒಂದು ಮಚ್ಚೆಯ ಮೇಲೆ ನಿಂತರೆ ನನ್ನ ಉಸಿರೂ ನಿಲ್ಲುತ್ತಿತ್ತು.

ಎಣ್ಣೆಯ ವಾಸನೆ ಕೆಟ್ಟದಾಗಿತ್ತು. ನಾವೆಲ್ಲ ಮೂಗು ಮುಚ್ಚಿಕೊಂಡು ಹಚ್ಚಿಕೊಂಡೆವು. ರಾಮಣ್ಣ ಕಾಲಿಗೆ ಮಾತ್ರ ಹಚ್ಚಿದ. ಕಟ್ಟಿಗೆಗೆ ಕಾಡಿಗೆ ಹೋಗುವುದು ಅವನಿಗೆ ತಪ್ಪದು. ಕೈಗೆ ಹಚ್ಚದೆ ಹೋಗಬೇಡ ಎಂದು ಪಾರ್ವತಕ್ಕ ನನ್ನೆದುರಿಗೇ ಬೇಡಿಕೊಂಡಳು.

"ಈ ಕೈಯಲ್ಲೇ ಅನ್ನ ಬಡಸವು," ಎಂದ ಅವನು. "ಅದಕ್ಕೆ ಆ ನಾತ ಹತ್ತಿದ್ರೆ ಆನು ಎಂತ ಮಾಡ್ಲಿ?"

ಬಾಟಲಿ ಬಾವಿಕಟ್ಟೆಯ ಮೇಲೆ ಹಾಗೇ ಕೂತಿತ್ತು. ಅಷ್ಟರಲ್ಲಿ ಗುಡ್ಡದ ಇನ್ನೊಂದು ಬದಿಯಲ್ಲಿ ಮತ್ತೊಂದು ಮಂಗ ಸತ್ತಿತ್ತು. ಈ ಸಲ ಯಾರೂ ಕುಂಕುಮ ಹಚ್ಚಲಿಲ್ಲ, ದೂರದಿಂದಲೇ ನೋಡಿ ಆಸ್ಪತ್ರೆಗೆ ಫೋನು ಮಾಡಿದರು.

ಒಂದು ದಿನ ಬಡಿಸುತ್ತ ಬಡಿಸುತ್ತ ರಾಮಣ್ಣ ಕಂಬಕ್ಕೆ ಒರಗಿ ನಿಂತುಬಿಟ್ಟ. ಕಣ್ಣು ಕೆಂಪಾಗಿತ್ತು. ತಲೆ ಸಿಡಿಯುತ್ತಿದೆ ಎಂದ. ಸೊಂಟ ಮುರಿದ ಹಾಗೆ ಆಗಿದೆ ಎಂದು ಒಳಗೆ ಹೋಗಿ ಮಲಗಿದ. ಊಟಕ್ಕೆ ಕೂತಿದ್ದವರು ಒಬ್ಬರ ಮುಖ ಒಬ್ಬರು ನೋಡಿ, ಅರ್ಧ ಉಂಡ ಎಲೆ ಮಡಚಿ ಎದ್ದರು. ಮಾರನೆಯ ದಿನ ಅವನನ್ನು ತಾಲೂಕು ಆಸ್ಪತ್ರೆಗೆ, ಅಲ್ಲಿಂದ ಮಣಿಪಾಲಕ್ಕೆ ಕರೆದುಕೊಂಡು ಹೋದರು.

ಕಾಯಿಲೆ ಉಣುಗಿನಿಂದ ಬರುತ್ತದೆ, ಮನುಷ್ಯನಿಂದ ಮನುಷ್ಯನಿಗಲ್ಲ, ಅನ್ನದಿಂದಲಂತೂ ಅಲ್ಲವೇ ಅಲ್ಲ ಎಂದು ಸಿಸ್ಟರ್ ಬಂದು ಮತ್ತೆ ಮತ್ತೆ ಹೇಳಿದರು. ಜನ ತಲೆ ಅಲ್ಲಾಡಿಸಿದರು, ಹತ್ತಿ ಮಾತ್ರ ಬರಲಿಲ್ಲ. ನಡುವೆ ಆಸ್ಪತ್ರೆಗೆ ಬಟ್ಟೆಬರೆ ಒಯ್ಯಲು ಒಂದೆರಡು ದಿನಕ್ಕೆ ಬಂದ ಪಾರ್ವತಕ್ಕ ಒಲೆ ಹಚ್ಚಿದ್ದಳು. ಇಂಗಿನ ಒಗ್ಗರಣೆಯ ವಾಸನೆ ರಸ್ತೆಗೆ ಬರುತ್ತಿತ್ತು. ಆಯಿ ಆ ಕಡೆ ಕಾಲಿಡಬೇಡ ಎಂದಿದ್ದರೂ ನಾನು ಮೇಲಿನ ತಿರುವಿನವರೆಗೆ ಹೋಗಿ ನಿಂತೆ. ಅವಳು ನನ್ನನ್ನು ನೋಡಿದಳು.

"ಬರಡ ಕೂಸೆ, ಆಯಿ ಬೈತು," ಎಂದಳು.

ಯಾವತ್ತೂ ಬಾ ಎನ್ನುತ್ತಿದ್ದ ಬಾಯಿ ಬರಬೇಡ ಎಂದಿತ್ತು. ನಾನು ಮನೆಗೆ ಓಡಿಬಂದು ತಣ್ಣನೆಯ ಅನ್ನ ಉಂಡೆ.

ರಾಮಣ್ಣ ಮಣಿಪಾಲದಿಂದ ಬದುಕಿ ಬರಲಿಲ್ಲ. ನಡುವೆ ಜ್ವರ ಬಿಟ್ಟು ಗಂಜಿ ಕುಡಿದಿದ್ದನಂತೆ, ಮತ್ತೆ ತಿರುಗಿ ಬಂತಂತೆ. ಉಣುಗು ಮಂಗನನ್ನು ಎತ್ತಿದಾಗ ಕಚ್ಚಿತೋ, ಕಟ್ಟಿಗೆಗೆ ಹೋದಾಗ ಕಚ್ಚಿತೋ ಯಾರಿಗೂ ತಿಳಿಯದು. ನಾಯ್ಕರ ಅಂಗಡಿಯಲ್ಲಿ ಅದನ್ನೇ ಚರ್ಚೆ ಮಾಡುತ್ತ ಬನ್ಸು ತಿನ್ನುತ್ತಿದ್ದರು.

ಕ್ರಿಯಾಕರ್ಮ ಮುಗಿದು ಕೊನೆಯ ದಿನದ ಊಟಕ್ಕೆ ಗುಡ್ಡದ ಎಲ್ಲ ಮನೆಗಳಿಗೂ ಹೇಳಿಕೆ ಬಂತು. ಅಪ್ಪಯ್ಯ ಆವತ್ತು ಅಂಗಡಿ ತೆರೆಯಲಿಲ್ಲ. ಆಯಿ ಬೇಡ ಎಂದಳು, ಅತ್ತಳು, ಕೊನೆಗೆ ನಮ್ಮಿಬ್ಬರ ಕೈಕಾಲಿಗೂ ಅವಳೇ ಎಣ್ಣೆ ಹಚ್ಚಿ ಕಳಿಸಿದಳು. ಹೋಗಿ ನೋಡಿದರೆ ಜಗುಲಿಯ ಈ ತುದಿಯಿಂದ ಆ ತುದಿಯವರೆಗೆ ಎಲೆ ಹಾಕಿತ್ತು. ನಾಯ್ಕರು ಬಂದಿದ್ದರು, ಸಿಸ್ಟರ್ ಬಂದಿದ್ದರು. ಮತ್ತಿಘಟ್ಟದ ಕಡೆಯ ನೆಂಟರು ನಾಲ್ಕೈದು ಜನ. ನಾವು ಕೂತೆವು. ಉಳಿದ ಎಲೆಗಳು ಗಾಳಿಗೆ ಎದ್ದು ಮಗುಚುತ್ತಿದ್ದವು. ಪಾರ್ವತಕ್ಕನ ತಮ್ಮ ಒಂದೊಂದನ್ನೂ ಸರಿಮಾಡಿ ನೀರು ಚಿಮುಕಿಸಿ ಬರುತ್ತಿದ್ದ. ತುಂಬ ಹೊತ್ತು ಕಾದೆವು. ಆಮೇಲೆ ಅವನು ಸೌಟಿನಲ್ಲಿ ಅನ್ನ ಬಡಿಸಿದ.

ಪಾರ್ವತಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ರಸ್ತೆಯ ಕಡೆ ನೋಡುತ್ತಿದ್ದಳು. ಉಂಡು ಎದ್ದ ಅಪ್ಪಯ್ಯ ಕೈ ತೊಳೆದು ಅವಳೆದುರು ಹೋಗಿ ನಿಂತ.

"ಮಂಗಂಗೆ ಮೂರು ಪಂಕ್ತಿ ಆಗಿತ್ತು," ಎಂದಳು ಅವಳು.

ಇಳಿದು ಬರುವಾಗ ಅಪ್ಪಯ್ಯ ನನ್ನ ಕೈ ಬಿಡಲಿಲ್ಲ. ಎರಡೂ ಬದಿಯ ಮನೆಗಳಲ್ಲಿ ಕುಕ್ಕರು ಕೂಗುತ್ತಿದ್ದವು. ಮಳೆಗಾಲಕ್ಕೆ ಮೊದಲೇ ಪಾರ್ವತಕ್ಕ ತಮ್ಮನ ಮನೆಗೆ ಹೋದಳು. ಕೆಲವು ವರ್ಷಗಳ ಮೇಲೆ ಅಲ್ಲೇ ತೀರಿಕೊಂಡಳೆಂದು ಕೇಳಿದೆ.

ಈಗ ಅದೇ ಗುಡ್ಡದಲ್ಲಿ ಏನು ಬೇಕಾದರೂ ಸಿಗುತ್ತದೆ. ಗೋಬಿ ಗಾಡಿ, ಐಸ್‌ಕ್ರೀಮ್ ಪಾರ್ಲರು. ಊಟದ ಮನೆ ಇದ್ದ ಜಾಗದಲ್ಲಿ ಹೋಂಸ್ಟೇ, ಅಪ್ಪೆಹುಳಿಯನ್ನು ಗಾಜಿನ ಲೋಟದಲ್ಲಿ ಕೊಡುತ್ತಾರೆ. ಮೊದಲಿನವರು ಬಹಳಷ್ಟು ಜನ ಮನೆ ಮಾರಿ ಹೋದರು. ರಾಮಣ್ಣ ಎಂದರೆ ಯಾರು ಎಂದು ಕೇಳುವವರೇ ಎಲ್ಲ. ಅಷ್ಟೊಂದು ಬೆಲೆ ತೆತ್ತು ಕಲಿತ ಒಂದು ಪಾಠ ಆ ಗುಡ್ಡದಲ್ಲಿ ಈಗ ಯಾರಿಗೂ ನೆನಪಿಲ್ಲ.

ಈ ಬೇಸಿಗೆಯ ಮೊದಲಲ್ಲಿ ಹೋಗಿದ್ದೆ. ಮರಗಳು ಅಲುಗುತ್ತಿರಲಿಲ್ಲ. ಹೋಂಸ್ಟೇಯ ಗೇಟಿನ ಹತ್ತಿರ ಜನ ಸೇರಿದ್ದರು. ಟಾರಿನ ಮೇಲೆ ಬಾಳೆಲೆ ಹಾಸಿ ಮಂಗನನ್ನು ಮಲಗಿಸಿದ್ದರು, ಕೊರಳಿಗೆ ಚೆಂಡುಹೂವಿನ ಮಾಲೆ. ಎತ್ತಲೆಂದು ಅಂಗಿಯ ತೋಳು ಮಡಚುತ್ತಿದ್ದ ಯುವಕನನ್ನು ತಡೆದು ರಾಮಣ್ಣನ ಕಥೆಯನ್ನೆಲ್ಲ ಹೇಳಿದೆ, ಆಸ್ಪತ್ರೆಗೆ ಫೋನೂ ಮಾಡಿದೆ. ಅವನು ಮರ್ಯಾದೆಯಿಂದ ಕೇಳಿಸಿಕೊಂಡ.

"ಆಯ್ತು ಅಕ್ಕ," ಎಂದ. "ಮುಂದಿನ ಶನಿವಾರ ಊಟ ಇಟ್ಕಂಡಿದ್ದೇವೆ. ನೀವೂ ಬರಬೇಕು."

ಅವನ ಕಾಲ ಬಳಿ ಒಂದು ಪುಟ್ಟ ಹುಡುಗಿ ಕುಕ್ಕರಗಾಲಲ್ಲಿ ಕೂತು, ಮಂಗನ ಬೆರಳು ಹಿಡಿದು ಅದರ ಉಗುರು ನೋಡುತ್ತಿದ್ದಳು.