ಕಾಕಾ ಬೇಡವೆಂದ ಗುರಿಚೀಟಿ

ಕಳೆದ ತಿಂಗಳು ಮಾನ್ವಿ ರಸ್ತೆಯ ಬಂಕಿನಲ್ಲಿ ಬೈಕಿಗೆ ಪೆಟ್ರೋಲ್ ಹಾಕಿಸುವಾಗ ಎರಡು ಹನಿ ಅಂಗೈ ಮೇಲೆ ಬಿದ್ದವು. ಒರೆಸಿಕೊಳ್ಳುವ ಬದಲು ಮೂಸಿ ನೋಡಿದೆ. ಪೆಟ್ರೋಲಿನ ವಾಸನೆಗೆ ನನಗೆ ನೆನಪಾಗುವುದು ಗಾಡಿಯಲ್ಲ. ಗಾಜಿನ ಚಿಕ್ಕ ಬಟ್ಟಲು, ಅದರಲ್ಲಿ ಮುಳುಗಿದ ಗಡಿಯಾರದ ಹಲ್ಲುಚಕ್ರಗಳು, ಅವನ್ನು ಒಂದೊಂದಾಗಿ ಚಿಮಟದಲ್ಲಿ ಎತ್ತಿ ಊದಿ ಒಣಗಿಸುವ ಕಾಕಾ... ಹಿಂದಿನವರು ಹಾರ್ನ್ ಹೊಡೆದ ಮೇಲೆ ಗಾಡಿ ಮುಂದೆ ತಳ್ಳಿದೆ.

ರಾಯಚೂರಿನ ಹಳೆ ಬಜಾರಿನಲ್ಲಿ ಅವರದು ಗಡಿಯಾರ ರಿಪೇರಿ ಅಂಗಡಿ. ನನಗೆ ಅವರು ಸಂಬಂಧದಲ್ಲಿ ಏನೂ ಆಗಬೇಕಿರಲಿಲ್ಲ. ಬಜಾರಿನವರೆಲ್ಲ ಕಾಕಾ ಎನ್ನುತ್ತಿದ್ದರು, ನಾನೂ ಎಂದೆ. ನಾನು ಮತ್ತು ದೇವದುರ್ಗದ ನನ್ನ ಗೆಳೆಯ ಆಗ ಅಂಗಡಿಯ ಮೇಲಿನ ಕೋಣೆಯಲ್ಲಿದ್ದು ಡಿಗ್ರಿ ಓದುತ್ತಿದ್ದೆವು. ಗೆಳೆಯ ಒಂದು ಆಟದ ನಿಯಮಗಳನ್ನು ಪ್ರಿಂಟ್ ಹಾಕಿಸಿ ತಂದಿದ್ದ. ಮೇಜಿನ ಮೇಲೆ ಎರಡು ಪಡೆ, ಪುಟ್ಟ ಪುಟ್ಟ ಆಕಾಶನೌಕೆಗಳು, ದಾಳ, ಒಂದು ಅಳತೆಪಟ್ಟಿ. ನೌಕೆಯ ಬೊಂಬೆಗಳು ನಮಗೆಲ್ಲಿ ಸಿಗಬೇಕು? ಪೆನ್ನಿನ ಮುಚ್ಚಳಗಳನ್ನಿಟ್ಟು ಆಡುತ್ತಿದ್ದೆವು.

ಕಾಕಾ ಅದನ್ನು ನೋಡಿ, "ಏನಲೇ, ಯುದ್ಧಕ್ಕ ಮುಚ್ಚಳ ಕಳಸ್ತೀರಿ? ಶತ್ರು ನಕ್ಕೇ ಸಾಯ್ತಾನ," ಎಂದು ಕೆಟ್ಟ ಗಡಿಯಾರಗಳ ಡಬ್ಬಿ ತೆರೆದರು. ಎರಡು ವಾರದಲ್ಲಿ ಹದಿನಾಲ್ಕು ನೌಕೆಗಳು ಸಿದ್ಧವಾದವು. ಕೀಲಿ ಗುಂಡಿಯ ಮೂತಿ, ಮುಳ್ಳುಗಳ ರೆಕ್ಕೆ, ಹಲ್ಲುಚಕ್ರದ ಇಂಜಿನ್. ಅಂದಿನಿಂದ ಭಾನುವಾರ ಊಟವಾದ ಮೇಲೆ ಆಟ ಅವರ ಅಂಗಡಿಯಲ್ಲೇ. ಮೂವರಲ್ಲಿ ಇಬ್ಬರು ಆಡುವುದು, ಒಬ್ಬರು ಅಳೆಯುವುದು.

ಈ ಆಟದಲ್ಲಿ ಎದುರಾಳಿಯ ನೌಕೆಗಳನ್ನು ಹೊಡೆದುರುಳಿಸಿದರಷ್ಟೇ ಗೆಲುವಲ್ಲ. ಆ ದಿನ ಯಾವುದಕ್ಕೆ ಅಂಕ ಎಂಬುದನ್ನು ಮೊದಲೇ ಗೊತ್ತು ಮಾಡಿಕೊಳ್ಳಬೇಕು. ದಾಳ ಸೋತವರು ಮೂರು ಗುರಿಚೀಟಿಗಳನ್ನು ಮೇಜಿನ ಮೇಲಿಡಬೇಕು: ದಾಳಿಯದೊಂದು, ಕಾವಲಿನದೊಂದು, ಪಯಣದ್ದೊಂದು. ಗೆದ್ದವರು ಅದರಲ್ಲಿ ಒಂದನ್ನು ಆರಿಸಬೇಕು. ಪಯಣದ ಚೀಟಿ ಬಂದರೆ, ಮೇಜಿನ ಮೇಲಿನ ಮೂರು ನಿಲ್ದಾಣಗಳಿಂದ ಸರಿಯಾಗಿ ಒಂದು ಗೇಣು ದೂರದಲ್ಲಿ ನೌಕೆ ನಿಲ್ಲಿಸಿದವರಿಗೆ ಅಂಕ. ಮೊದಲೇ ಅಳೆಯುವಂತಿಲ್ಲ, ಕಣ್ಣಳತೆಯಲ್ಲಿ ನಿಲ್ಲಿಸಬೇಕು, ಪಟ್ಟಿ ಆಮೇಲೆ. ಇದು ಕಾಕಾ ಸೇರಿಸಿದ ನಿಯಮ. "ಆಕಾಶದಾಗ ಟೇಪ್ ಹಿಡಕೊಂಡು ಯಾರ ನಿಂತಿರ್ತಾರ?" ಎನ್ನುತ್ತಿದ್ದರು. ಮೊದಮೊದಲು ಅವರ ನೌಕೆ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ.

ನಾನು ಪ್ರತಿ ಆಟವನ್ನೂ ವಹಿಯಲ್ಲಿ ಬರೆದಿಡುತ್ತಿದ್ದೆ. ತಾರೀಖು, ದಾಳ ಸೋತವರು, ಆರಿಸಿದ ಚೀಟಿ, ಅಂಕ, ಎಷ್ಟು ತಪ್ಪಿತು. ಒಂದು ಭಾನುವಾರ ಕಾಕಾನ ನೌಕೆ ನಾಲ್ಕು ಬೆರಳು ಆಚೆ ನಿಂತಿತು. ಆಮೇಲೆ ಪಯಣದ ಚೀಟಿ ಹನ್ನೊಂದು ಸಲ ಬಂತು, ಹನ್ನೊಂದು ಸಲವೂ ಅವರು ಸೋತರು. ಕೂಡಿಸಿ ನೋಡಿದಾಗ ನನಗೆ ಖುಷಿಯಾಯಿತು. ಆಟಗಾರನ ದೌರ್ಬಲ್ಯ ಸಿಕ್ಕಿತು ಎಂದುಕೊಂಡೆ.

ಮುಂದಿನ ಭಾನುವಾರ ದಾಳ ಸೋತವರು ಕಾಕಾ. ಮಟಮಾರಿಯ ರೈತರೊಬ್ಬರು ಆಗಷ್ಟೇ ತಮ್ಮ ತಂದೆಯ ಕೈಗಡಿಯಾರ ರಿಪೇರಿಗೆ ಕೊಟ್ಟು, ಬಿಸಿಲು ಇಳಿಯಲಿ ಎಂದು ಬೆಂಚಿನ ಮೇಲೆ ಕುಳಿತು ಆಟ ನೋಡುತ್ತಿದ್ದರು. ಕಾಕಾ ಮೂರು ಚೀಟಿ ಇಟ್ಟರು. ನನ್ನ ಕೈ ಪಯಣದ ಚೀಟಿಯ ಮೇಲೆ ಹೋಯಿತು.

"ಅದೊಂದು ಇವತ್ತು ಬ್ಯಾಡ, ತಮ್ಮಾ. ಬ್ಯಾರೇದು ತಗೋ," ಎಂದರು. ದನಿ ಬಹಳ ಮೆಲ್ಲಗಿತ್ತು.

ನಾನು ವಹಿ ತೆಗೆದು ಎತ್ತಿ ಹಿಡಿದೆ. "ಇದ್ರಾಗ ನೀವು ಹನ್ನೊಂದು ಸಲ ಸೋತೀರಿ ಕಾಕಾ. ಇವತ್ತು ಬಿಡಂಗಿಲ್ಲ ನಾ."

ಗೆಳೆಯ ನಕ್ಕ. ಕಾಕಾ ಒಂದು ಸಲ ಬೆಂಚಿನ ಕಡೆ ನೋಡಿ ನೌಕೆ ಕೈಗೆತ್ತಿಕೊಂಡರು. ಒಂದು ಗೇಣು ದೂರದಲ್ಲಿ ನಿಲ್ಲಬೇಕಾದದ್ದು ಎರಡು ಗೇಣು ದೂರದಲ್ಲಿ ನಿಂತಿತು. ಗೆಳೆಯ ಪಟ್ಟಿ ಇಡುವ ಮೊದಲೇ ಆ ರೈತರು ಎದ್ದು ಬಂದರು.

"ಕಾಕಾ, ಇಷ್ಟು ದೊಡ್ಡ ಮೇಜಿನ ಮ್ಯಾಲ ಗೇಣು ತಪ್ತದ ನಿಮಗ. ಅದು ನಮ್ಮಪ್ಪನ ಗಡಿಯಾರ ಅದರೀ... ಸಿಟ್ಟಾಗಬ್ಯಾಡ್ರಿ, ವಾಪಸ್ ಕೊಟ್ಬಿಡ್ರಿ."

"ಎಡಗಣ್ಣು ಮಬ್ಬಾಗ್ಯದರೀ. ಒಂದು ಕಣ್ಣಿಗಿ ದೂರ ತಿಳಿಯಂಗಿಲ್ಲ. ಗಡಿಯಾರ ನೋಡಾದು ಬಲಗಣ್ಣೀಲೆ, ಅದು ಚಲೋ ಅದ. ಆ ಕೆಲಸಕ್ಕ ಒಂದ ಕಣ್ಣು ಸಾಕ್ರಿ."

ಕಾಕಾ ಹೇಳಿದ್ದು ನಿಜ. ಭೂತಗನ್ನಡಿ ಸಿಕ್ಕಿಸಿಕೊಳ್ಳುತ್ತಿದ್ದುದು ಬಲಗಣ್ಣಿಗೆ ಮಾತ್ರ. ಆ ವರ್ಷ ಅವರು ಕೆಡಿಸಿದ ಗಡಿಯಾರ ಒಂದೂ ಇರಲಿಲ್ಲ. ಆದರೆ ರೈತರು ಕೈ ಚಾಚಿಯೇ ನಿಂತಿದ್ದರು. ಕಾಕಾ ಗಡಿಯಾರವನ್ನು ಬಟ್ಟೆಯಲ್ಲಿ ಒರೆಸಿ ಕೊಟ್ಟರು. ರೈತರು ಹೋದ ಮೇಲೆ ನಾನು ನೌಕೆಗಳನ್ನು ಎತ್ತಿಡಲು ಹೋದೆ.

"ಆಟ ಅರ್ಧಕ್ಕ ಬಿಡಬಾರ್ದು. ನಿನ್ನ ಪಾಳಿ," ಎಂದರು ಕಾಕಾ.

ಆ ಆಟ ನಾನು ಗೆದ್ದೆ.

ಕಾಕಾನಿಗೆ ಕಣ್ಣಿಲ್ಲ ಎಂಬ ಮಾತು ಬಜಾರಿನಲ್ಲಿ ಹರಡಲು ವಾರ ಸಾಕಾಯಿತು. ಗಡಿಯಾರ ತಂದವರು ಬಾಗಿಲಲ್ಲೇ ನಿಂತು ಒಳಗೆ ನೋಡಿ ಹೋಗುತ್ತಿದ್ದರು. ದಿನಕ್ಕೆ ಎಷ್ಟು ಮಂದಿ ಎಂದು ಎಣಿಸಿದೆ. ಎರಡನೇ ವಾರ ಎಣಿಸುವುದನ್ನು ಬಿಟ್ಟೆ. ಬೇಸಿಗೆಗೆ ಮುಂಚೆ ಅವರ ಮಗಳು ಬಂದು ಅಂಗಡಿ ಖಾಲಿ ಮಾಡಿಸಿ, ಅವರನ್ನು ಮಾನ್ವಿಗೆ ತನ್ನ ಮನೆಗೆ ಕರೆದೊಯ್ದರು.

ನಾವಿಬ್ಬರು ಒಂದು ಸಲ ಮಾನ್ವಿಗೆ ಹೋದೆವು. ಅಷ್ಟರಲ್ಲಿ ಬಲಗಣ್ಣೂ ಮಸುಕಾಗಿತ್ತು. ಚಹಾ ಕೊಡುತ್ತ ಮಗಳು, "ಕಣ್ಣಿನ ಒಳಗ ಒತ್ತಡ ಹೆಚ್ಚಾಗಿ ನರ ಒಣಗ್ಯದಂತ. ಶುರುವಿನಾಗ ತೋರಿಸಿದ್ರ ತಡೀಬಹುದಿತ್ತು ಅಂದ್ರು ಡಾಕ್ಟರು. ಶುರು ಯಾವಾಗ ಆತೋ ಯಾರಿಗಿ ಗೊತ್ತದ?" ಎಂದರು. ಶುರುವಾದ ತಾರೀಖು ನನ್ನ ಚೀಲದಲ್ಲಿದ್ದ ವಹಿಯಲ್ಲಿತ್ತು...

ಕಾಕಾ ನೌಕೆಗಳ ಡಬ್ಬಿ ತರಿಸಿದರು. ದಾಳ ಅವರೇ ಸೋತರು. ಬೆರಳಲ್ಲಿ ತಡವಿ ಮೂರು ಚೀಟಿ ಇಟ್ಟರು. ನಾನು ದಾಳಿಯದನ್ನು ಎತ್ತಿಕೊಂಡೆ.

"ಯಾವುದು ತಗೊಂಡಿ?"

"ದಾಳಿಯದು, ಕಾಕಾ."

"ಥೂ ಅಂಜುಬುರುಕ. ಕುರುಡಗ ಹೆದರ್ತಿಯೇನಲೇ? ಇಡು ಅದನ್ನ. ಪಯಣದ್ದು ತಗೋ."

ತಗೊಂಡೆ. ಅವರು ನಿಲ್ದಾಣವನ್ನು ಮುಟ್ಟಿ ನೋಡಲಿಲ್ಲ. ನೌಕೆಯನ್ನು ಗಾಳಿಯಲ್ಲಿ ಹಿಡಿದು ಕೆಳಗಿಟ್ಟರು. ಗೆಳೆಯ ಅಳೆದ.

"ಎಷ್ಟು ತಪ್ತು? ಸುಳ್ಳು ಹೇಳಬ್ಯಾಡ."

"ಒಂದೂವರಿ ಗೇಣು, ಕಾಕಾ."

"ಬರಕೋ."

ಬರೆದುಕೊಂಡೆ. ಅದು ಅವರ ಹೆಸರಿನಲ್ಲಿರುವ ಕೊನೆಯ ಸಾಲು. ಮಳೆಗಾಲ ಮುಗಿಯುವ ಮೊದಲೇ ಅವರು ತೀರಿಕೊಂಡ ಸುದ್ದಿ ಬಂತು. ಮಣ್ಣಿಗೆ ಹೋಗಿದ್ದೆವು.

ಈಗಲೂ ತಿಂಗಳಿಗೊಮ್ಮೆ ನಾವಿಬ್ಬರು ಆಡುತ್ತೇವೆ. ನಿಯಮ ಬದಲಿಸಿಲ್ಲ. ಮೊನ್ನೆ ಗೆಳೆಯ ಪಯಣದಲ್ಲಿ ಮೂರು ಬೆರಳು ತಪ್ಪಿದ. ಹಿಂದಿನ ತಿಂಗಳೂ ತಪ್ಪಿದ್ದ. ನಾನು ಆಟ ನಿಲ್ಲಿಸಿ, "ಕಣ್ಣು ತೋರಿಸಿದ್ಯಾ?" ಎಂದೆ. "ಹುಚ್ಚದಿಯೇನಲೇ, ನಿದ್ದಿ ಆಗಿಲ್ಲ ಅಷ್ಟ," ಎಂದು ನಕ್ಕ. ಮರುದಿನ ಒತ್ತಾಯ ಮಾಡಿ ಆಸ್ಪತ್ರೆಗೆ ಕರೆದೊಯ್ದೆ. ಕಣ್ಣೊಳಗಿನ ಒತ್ತಡ ನೋಡಿ, ಎರಡೂ ಕಣ್ಣು ಚೆನ್ನಾಗಿವೆ ಎಂದು ಬರೆದುಕೊಟ್ಟರು. ದಾರಿಯುದ್ದಕ್ಕೂ ನನ್ನನ್ನು ಬೈದ. ಬೈಸಿಕೊಂಡೆ.

ಮನೆಗೆ ಬಂದು ಹಳೆಯ ವಹಿ ತೆರೆದು ಎಣಿಸಿದೆ. ಕಾಕಾನ ನೌಕೆ ಮೊದಲ ಸಲ ತಪ್ಪಿದ ದಿನದಿಂದ, ಅವರು ಆ ಚೀಟಿ ಬೇಡವೆಂದ ದಿನದವರೆಗೆ... 'ಕಣ್ಣು ತೋರಿಸೀರೇನು' ಎಂದು ಅವರನ್ನು ಕೇಳಲು ನನಗೆ ಮೂವತ್ತೊಂದು ಭಾನುವಾರಗಳಿದ್ದವು.